ಟಿಪ್ಪಣಿಗಳನ್ನು ಸರಳ ಪಠ್ಯದಲ್ಲಿಯೇ ಇಟ್ಟುಕೊಳ್ಳಿ

ಹವ್ಯಾಸಕ್ಕಾಗಿ ಬ್ಲಾಗ್ ಬರೆಯುವವರು ಟಿಪ್ಪಣಿ ತಂತ್ರಾಂಶವನ್ನು ಆರಿಸಿಕೊಳ್ಳುವಾಗ, ಅಂದಚಂದಕ್ಕಿಂತ ಮೊದಲು ಅದು ಬರಹವನ್ನು ಯಾವ ರೂಪದಲ್ಲಿ ಉಳಿಸುತ್ತದೆ ಎಂಬುದನ್ನು ನೋಡಬೇಕು. ನಾನು ಹಿಂದೆ ಬಳಸುತ್ತಿದ್ದ ತಂತ್ರಾಂಶವೊಂದು ಎಲ್ಲವನ್ನೂ ತನ್ನದೇ ಡೇಟಾಬೇಸಿನಲ್ಲಿ ಇಡುತ್ತಿತ್ತು. ಅದನ್ನು ಬಿಟ್ಟು ಬರುವಾಗ ಬರಹಗಳೇನೋ ಸಿಕ್ಕವು, ಆದರೆ ಕೊಂಡಿಗಳೂ ಚಿತ್ರಗಳೂ ಚೆಲ್ಲಾಪಿಲ್ಲಿಯಾಗಿದ್ದವು.

ಈಗ ನಾನು 2004ರಲ್ಲಿ ಬಳಕೆಗೆ ಬಂದ ಮಾರ್ಕ್‌ಡೌನ್ ರೂಪದಲ್ಲಿ (ಶೀರ್ಷಿಕೆ, ಕೊಂಡಿ ಮುಂತಾದವನ್ನು ಸರಳ ಪಠ್ಯದಲ್ಲಿಯೇ ಚಿಹ್ನೆಗಳಿಂದ ಗುರುತಿಸುವ ವಿಧಾನ), ಅಬ್ಸಿಡಿಯನ್ ಎಂಬ ಟಿಪ್ಪಣಿ ತಂತ್ರಾಂಶ ಬಳಸಿ ಬರೆಯುತ್ತೇನೆ. ಕಡತಗಳು ನನ್ನ ಕಂಪ್ಯೂಟರಿನ ಫೋಲ್ಡರಿನಲ್ಲಿಯೇ ಇರುವುದರಿಂದ ಅವನ್ನೇ ಹ್ಯೂಗೋ ಎಂಬ ತಂತ್ರಾಂಶ ಬ್ಲಾಗಿನ ಪುಟಗಳನ್ನಾಗಿ ಮಾರ್ಪಡಿಸುತ್ತದೆ, ಗಿಟ್ ಎಂಬ ಇನ್ನೊಂದು ತಂತ್ರಾಂಶ ತಿದ್ದುಪಡಿಗಳ ಇತಿಹಾಸವನ್ನು ಕಾಪಾಡುತ್ತದೆ. ಆದರೆ ಅಬ್ಸಿಡಿಯನ್ ತಾನಾಗಿ ಹಾಕುವ ಜೋಡಿ ಚೌಕಾವರಣದ ಕೊಂಡಿಗಳು (ವಿಕಿಲಿಂಕ್‌ಗಳು) ಹ್ಯೂಗೋಗೆ ಅರ್ಥವಾಗುವುದಿಲ್ಲವಾದ್ದರಿಂದ, ಸೆಟ್ಟಿಂಗ್ಸ್‌ನಲ್ಲಿ ವಿಕಿಲಿಂಕ್ ಆಯ್ಕೆಯನ್ನು ಮೊದಲ ದಿನವೇ ತೆಗೆದುಹಾಕಿ. ನೂರಾರು ಟಿಪ್ಪಣಿಗಳಾದ ಮೇಲೆ ಆ ಕೊಂಡಿಗಳನ್ನು ತಿದ್ದಲು ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಬರೆಯಬೇಕಾಗುತ್ತದೆ. (ನಾನು ಬರೆದೆ, ಕೋಡಿಂಗ್ ಕಲಿಕೆಗೆ ಅದೂ ಒಂದು ನೆಪವಾಯಿತು.)

ಪ್ರಕಟಿಸಿದ ಬರಹ ಕಾಣಿಸದಿದ್ದರೆ ಕಡತದಲ್ಲಿ ಡ್ರಾಫ್ಟ್ (ಕರಡು) ಗುರುತು ಉಳಿದಿದೆಯೇ, ದಿನಾಂಕ ಮುಂದಿನದಾಗಿದೆಯೇ ಎಂದು ಪರೀಕ್ಷಿಸಿ, ಏಕೆಂದರೆ ಹ್ಯೂಗೋ ಅಂತಹ ಪುಟಗಳನ್ನು ಸಾಮಾನ್ಯವಾಗಿ ಕೈಬಿಡುತ್ತದೆ. ಕನ್ನಡ ಹೆಸರಿನ ಕಡತಗಳು ಗಿಟ್‌ನಲ್ಲಿ ಅಂಕಿಗಳ ಸಾಲಾಗಿ ಕಾಣಿಸಿದರೆ ಗಾಬರಿ ಬೇಡ. ಗಿಟ್‌ನ ಕೋಟ್‌ಪಾತ್ (core.quotePath) ಎಂಬ ಸೆಟ್ಟಿಂಗನ್ನು ಆಫ್ ಮಾಡಿದರೆ ಸಾಕು, ಹೆಸರುಗಳು ಕನ್ನಡದಲ್ಲಿಯೇ ಕಾಣುತ್ತವೆ.