ಹಳೇ ಸ್ಲೈಡ್ ಸುಡದ ಹಾಗೆ ಪ್ರೊಜೆಕ್ಟರ್‌ನ ಬಿಸಿ ತಡೆಯುವುದು ಹೇಗೆ?

ಅಪ್ಪ ತೆಗೆದ ಸ್ಲೈಡ್‌ಗಳು, ಅಂದರೆ ಚೌಕಟ್ಟಿಗೆ ಸಿಕ್ಕಿಸಿದ ಫಿಲ್ಮ್ ಚಿತ್ರಗಳು, ನಮ್ಮ ಮನೆಯಲ್ಲಿ ಒಂದು ಬಿಸ್ಕತ್ ಡಬ್ಬಿಯಲ್ಲಿದ್ದವು. ಒಂದು ಭಾನುವಾರ ಸಂಜೆ ಎಲ್ಲರೂ ಸೇರಿ ನೋಡೋಣ ಅಂತ ಪ್ರೊಜೆಕ್ಟರ್ ಹಚ್ಚಿದೆವು. ಜೋಗದ ಎದುರು ಅಮ್ಮ ನಿಂತ ಚಿತ್ರ ಬಂತು. ಆ ಪ್ರವಾಸದ ಮಾತು ಶುರುವಾಯಿತು, ಮುಂದಿನ ಸ್ಲೈಡ್‌ಗೆ ಹೋಗುವುದನ್ನೇ ಮರೆತೆವು. ಗೋಡೆಯ ಮೇಲೆ ಅಮ್ಮನ ಸೆರಗಿನ ಹತ್ತಿರ ಒಂದು ಕಂದು ಚುಕ್ಕೆ ಮೂಡಿತು. ನೋಡನೋಡುತ್ತಲೇ ಅದು ಹಪ್ಪಳದ ಹಾಗೆ ಉಬ್ಬಿತು. ಸ್ವಿಚ್ ಆರಿಸುವಷ್ಟರಲ್ಲಿ ರಾಜಾ ಧಾರೆ ಇದ್ದ ಜಾಗದಲ್ಲಿ ಬರೀ ಗುಳ್ಳೆ ಇತ್ತು.

ಬಿಚ್ಚಿ ನೋಡಿದಾಗ ಕಾರಣ ಗೊತ್ತಾಯಿತು. ಲ್ಯಾಂಪಿಗೂ ಸ್ಲೈಡಿಗೂ ನಡುವೆ ಇರಬೇಕಾದ ಶಾಖ ಹೀರುವ ಗಾಜು ಅಲ್ಲಿ ಇರಲೇ ಇಲ್ಲ. ಹಿಂದೆ ರಿಪೇರಿ ಮಾಡಿದವರು ಒಡೆದ ಗಾಜನ್ನು ತೆಗೆದು, ಬೇರೆ ಹಾಕದೆ ಹಾಗೇ ಮುಚ್ಚಿದ್ದರು. ಬೆಳಕು ಚೆನ್ನಾಗಿಯೇ ಬರುತ್ತಿತ್ತು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ಕೊಡಾಕ್ 2004ರಲ್ಲೇ ಸ್ಲೈಡ್ ಪ್ರೊಜೆಕ್ಟರ್ ತಯಾರಿಕೆ ನಿಲ್ಲಿಸಿತು. ಈಗ ನಮ್ಮ ಕೈಲಿರುವುದೆಲ್ಲ ಹಳೆಯ ಯಂತ್ರಗಳೇ, ಯಾರು ಯಾವಾಗ ಬಿಚ್ಚಿದ್ದರೋ ಗೊತ್ತಿಲ್ಲದವು. ನಿಮ್ಮ ಅಟ್ಟದಲ್ಲೂ ಒಂದಿದ್ದರೆ, ಸ್ಲೈಡ್ ಹಾಕುವ ಮೊದಲು ಇಷ್ಟು ಮಾಡಿ.

ಬಿಸಿ ಎಲ್ಲಿಂದ ಬರುತ್ತದೆ

ಇಂಥ ಪ್ರೊಜೆಕ್ಟರ್‌ಗಳಲ್ಲಿ ಹೆಚ್ಚಾಗಿ ಇರುವುದು 24 ವೋಲ್ಟ್, 250 ವ್ಯಾಟ್‌ನ ಹ್ಯಾಲೊಜೆನ್ ಲ್ಯಾಂಪ್. ಅದರಲ್ಲಿ ಕಣ್ಣಿಗೆ ಕಾಣುವ ಬೆಳಕಾಗುವುದು ಹತ್ತರಲ್ಲಿ ಒಂದು ಪಾಲು, ಅಷ್ಟೇ. ಉಳಿದ ಹೆಚ್ಚಿನ ಪಾಲು ಇನ್‌ಫ್ರಾರೆಡ್, ಅಂದರೆ ಕೆಂಪಿನ ಆಚೆಗಿನ, ಕಣ್ಣಿಗೆ ಕಾಣದ ಕಿರಣ. ಬೆಳಕಿನ ಅಲೆಯ ಉದ್ದವನ್ನು ನ್ಯಾನೊಮೀಟರ್‌ನಲ್ಲಿ ಅಳೆಯುತ್ತಾರೆ; ನಮ್ಮ ಕಣ್ಣು ನೋಡುವುದು ಸುಮಾರು 400ರಿಂದ 700 ನ್ಯಾನೊಮೀಟರ್‌ವರೆಗೆ. 3,200 ಕೆಲ್ವಿನ್‌ನಲ್ಲಿ ಉರಿಯುವ ತಂತಿ ಅತಿ ಜೋರಾಗಿ ಹೊರಸೂಸುವುದು 900ರ ಆಸುಪಾಸಿನಲ್ಲಿ. ಲ್ಯಾಂಪಿನ ನಿಜವಾದ ಜೋರು ಕತ್ತಲಲ್ಲೇ ಇದೆ.

ವೋಲ್ಟೇಜ್ ಇಳಿಸಿದರೆ ಬಿಸಿ ತಪ್ಪುತ್ತದೆ ಅಂತ ಕೆಲವರು ಡಿಮ್ಮರ್ ಹಾಕುತ್ತಾರೆ. ಒಟ್ಟು ಬಿಸಿ ಇಳಿಯುತ್ತದೆ ನಿಜ, ಆದರೆ ಬೆಳಕು ಅದಕ್ಕಿಂತ ಬೇಗ ಇಳಿಯುತ್ತದೆ. ಚಿತ್ರ ಹಳದಿಯಾಗುತ್ತದೆ. ಅದಕ್ಕಿಂತ 150 ವ್ಯಾಟ್ ಲ್ಯಾಂಪ್ ನಿಮ್ಮ ಯಂತ್ರಕ್ಕೆ ಹೊಂದುವುದಾದರೆ ಅದನ್ನೇ ಹಾಕಿ. ಮನೆಯ ಗೋಡೆಗೆ ಅದು ಧಾರಾಳ ಸಾಕು.

ಮೊದಲ ಕೆಲಸ: ಲ್ಯಾಂಪಿನ ಹಿಂದಿನ ಕನ್ನಡಿ ನೋಡಿ

ಪ್ಲಗ್ ಕಿತ್ತು, ಅರ್ಧ ಗಂಟೆ ಆರಲು ಬಿಟ್ಟು ಮುಚ್ಚಳ ತೆಗೆಯಿರಿ. ಲ್ಯಾಂಪಿನ ಹಿಂದೆ ಬಟ್ಟಲಿನಂಥ ಕನ್ನಡಿ ಇರುತ್ತದೆ. ಅದು ಗಾಜಿನದಾಗಿದ್ದು, ಟ್ಯೂಬ್‌ಲೈಟಿಗೆ ಹಿಡಿದಾಗ ಬಣ್ಣದ ಬೆಳಕು ತೂರಿ ಬಂದರೆ ಅದು ಕೋಲ್ಡ್ ಮಿರರ್. ತೆಳುವಾದ ಹಲವು ಪದರಗಳ ಲೇಪ ಅದಕ್ಕಿದೆ. ಕಾಣುವ ಬೆಳಕನ್ನು ಮುಂದಕ್ಕೆ ತಿರುಗಿಸಿ, ಇನ್‌ಫ್ರಾರೆಡ್ಡನ್ನು ತನ್ನ ಮೂಲಕ ಹಿಂದಕ್ಕೆ ಬಿಟ್ಟುಬಿಡುತ್ತದೆ. ಹೊಳೆಯುವ ಅಲ್ಯೂಮಿನಿಯಂ ಬಟ್ಟಲಾದರೆ ಎರಡನ್ನೂ ಸ್ಲೈಡಿನ ಕಡೆಗೇ ತಳ್ಳುತ್ತದೆ.

ಕೋಲ್ಡ್ ಮಿರರ್ ಇದ್ದರೆ ಅರ್ಧ ಗೆದ್ದ ಹಾಗೆ. ಆದರೆ ಹಿಂದಕ್ಕೆ ಹೋದ ಬಿಸಿ ಮಾಯವಾಗುವುದಿಲ್ಲ ಅಲ್ವಾ? ಬಟ್ಟಲಿನ ಹಿಂದೆ ಒಂದು ಲೋಹದ ತಗಡು ಇರಬೇಕು, ಅದರ ಎರಡೂ ಪಕ್ಕ ಗಾಳಿ ಓಡಾಡಬೇಕು. ಅಲ್ಲಿ ಪ್ಲಾಸ್ಟಿಕ್, ವೈರು ಏನೂ ತಾಗಿರಬಾರದು. ನಮ್ಮ ಪ್ರೊಜೆಕ್ಟರ್‌ನಲ್ಲಿ ಒಂದು ವೈರಿನ ಹೊದಿಕೆ ಆ ಜಾಗದಲ್ಲಿ ಕರಗಿ, ಒಣಗಿದ ಬೆಲ್ಲದ ಪಾಕದ ಹಾಗೆ ತಗಡಿಗೆ ಅಂಟಿತ್ತು.

ಹೊಸ ಲ್ಯಾಂಪ್ ಹಾಕುವಾಗ ಬುರುಡೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಕೂತ ಜಾಗದಲ್ಲಿ ಅದು ಹಾಳಾಗುತ್ತದೆ.

ಎರಡನೆಯದು, ಮುಖ್ಯವಾದದ್ದು: ಶಾಖ ಹೀರುವ ಗಾಜು

ಎಷ್ಟು ಒಳ್ಳೆಯ ಕನ್ನಡಿ ಇದ್ದರೂ ತಂತಿಯಿಂದ ನೇರವಾಗಿ ಮುಂದಕ್ಕೆ ಬರುವ ಬಿಸಿ ಇದ್ದೇ ಇರುತ್ತದೆ. ಅದನ್ನು ಹಿಡಿಯುವುದು ಈ ಗಾಜು. ಇದರಲ್ಲಿ ಕಬ್ಬಿಣದ ಅಂಶ ಬೆರೆತಿರುತ್ತದೆ. ಮುಂದಿನಿಂದ ನೋಡಿದರೆ ಸ್ವಲ್ಪ ಹಸಿರು ಛಾಯೆ, ಅಂಚಿನಿಂದ ನೋಡಿದರೆ ಗಾಢ. ಜರ್ಮನಿಯ ಶಾಟ್ ಕಂಪನಿಯ ಕೆಜಿ1, ಕೆಜಿ3, ಕೆಜಿ5 ಇದೇ ಜಾತಿಯವು. ಕಿಟಕಿ ಗಾಜು ಕತ್ತರಿಸಿ ಹಾಕಿದರೆ ಏನೂ ಪ್ರಯೋಜನವಿಲ್ಲ. ಅದು ಸುಮಾರು 2,500 ನ್ಯಾನೊಮೀಟರ್‌ವರೆಗಿನ ಇನ್‌ಫ್ರಾರೆಡ್ಡನ್ನು ಸುಮ್ನೆ ಬಿಟ್ಟುಕೊಡುತ್ತದೆ.

ಅಂಗಡಿಯವರು ಕೊಟ್ಟ ಹಸಿರು ಗಾಜು ಅಸಲಿಯೋ ಅಲ್ಲವೋ ನೋಡಲು ಮನೆಯಲ್ಲೇ ಒಂದು ದಾರಿಯಿದೆ. ಟಿವಿ ರಿಮೋಟ್ ಬಿಡುವುದು ಸಾಮಾನ್ಯವಾಗಿ 940 ನ್ಯಾನೊಮೀಟರ್‌ನ ಇನ್‌ಫ್ರಾರೆಡ್. ಕತ್ತಲೆ ಕೋಣೆಯಲ್ಲಿ ಮೊಬೈಲ್‌ನ ಮುಂದಿನ ಕ್ಯಾಮೆರಾಗೆ ರಿಮೋಟ್ ಹಿಡಿದು ಬಟನ್ ಒತ್ತಿ. ಪರದೆಯಲ್ಲಿ ನೇರಳೆ ಬಣ್ಣದ ಚುಕ್ಕೆ ಮಿನುಗುತ್ತದೆ. ಕಾಣದಿದ್ದರೆ ಬೇರೆ ಫೋನ್ ನೋಡಿ, ಕೆಲವು ಕ್ಯಾಮೆರಾಗಳೇ ಇನ್‌ಫ್ರಾರೆಡ್ ತಡೆಯುತ್ತವೆ. ಈಗ ನಡುವೆ ಗಾಜು ಹಿಡಿಯಿರಿ. ಚುಕ್ಕೆ ಹೆಚ್ಚುಕಡಿಮೆ ಆರಿಹೋದರೆ ಗಾಜು ಸರಿ. ಹಾಗೇ ಮಿನುಗುತ್ತಿದ್ದರೆ ಅದು ಬರೀ ಬಣ್ಣದ ಗಾಜು, ವಾಪಸ್ ಕೊಡಿ.

ಕೂರಿಸುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಈ ಗಾಜು ಬಿಸಿಯನ್ನು ತನ್ನೊಳಗೇ ಹೀರಿಕೊಳ್ಳುತ್ತದೆ, ಕಾದಾಗ ಹಿಗ್ಗುತ್ತದೆ. ಚೌಕಟ್ಟಿಗೆ ಬಿಗಿಯಾಗಿ ಸಿಕ್ಕಿಸಿದರೆ ಟಪ್ ಅಂತ ಒಡೆಯುತ್ತದೆ. ಸುತ್ತ ಒಂದು ಮಿಲಿಮೀಟರ್ ಸಂದು ಬಿಡಿ. ಮೂರು ಕಡೆ ಸ್ಪ್ರಿಂಗ್ ಕ್ಲಿಪ್‌ಗಳು ಸಡಿಲವಾಗಿ ಹಿಡಿದಿರಲಿ. ಅಲ್ಲಾಡಿಸಿದರೆ ಸಣ್ಣಗೆ ಸದ್ದಾಗಬೇಕು. ಅಂಟು, ಸಿಲಿಕೋನ್ ಬೇಡ. ಅಂಚಿನಲ್ಲಿ ಚಕ್ಕೆ ಎದ್ದಿದ್ದರೆ ಆ ತುಂಡು ಬಳಸಬೇಡಿ, ಬಿರುಕು ಶುರುವಾಗುವುದೇ ಅಲ್ಲಿಂದ.

ಹಾಟ್ ಮಿರರ್ ಎಂಬ ಇನ್ನೊಂದು ಫಿಲ್ಟರ್ ಸಿಗುತ್ತದೆ. ಅದು ಕೋಲ್ಡ್ ಮಿರರ್‌ಗೆ ಪೂರ್ತಿ ಉಲ್ಟಾ: ಬೆಳಕನ್ನು ಬಿಟ್ಟು ಬಿಸಿಯನ್ನು ವಾಪಸ್ ತಿರುಗಿಸುತ್ತದೆ. ಜಾಗ ಇದ್ದರೆ ಲ್ಯಾಂಪಿನ ಕಡೆ ಇದು, ಆಮೇಲೆ ಹಸಿರು ಗಾಜು, ಆಮೇಲೆ ಸ್ಲೈಡ್. ಆಗ ಹಸಿರು ಗಾಜಿನ ಮೇಲಿನ ಹೊರೆ ತುಂಬಾ ಇಳಿಯುತ್ತದೆ. ಇದನ್ನು ಜಾಸ್ತಿ ಓರೆ ಮಾಡಬೇಡಿ. ಓರೆಯಾದಷ್ಟೂ ಅದು ತಡೆಯುವ ಗಡಿ ಕೆಂಪಿನ ಕಡೆಗೆ ಸರಿಯುತ್ತದೆ, ಚಿತ್ರದ ಕೆಂಪು ಮಂಕಾಗುತ್ತದೆ.

ಗಾಳಿಯ ದಾರಿ

ಗಾಜು ಹಿಡಿದ ಬಿಸಿಯನ್ನು ಹೊರಗೆ ಹಾಕುವುದು ಫ್ಯಾನ್. ತಂಪು ಗಾಳಿ ಮೊದಲು ಸ್ಲೈಡ್ ಸವರಿ, ಆಮೇಲೆ ಶಾಖದ ಗಾಜು, ಕೊನೆಗೆ ಲ್ಯಾಂಪ್ ದಾಟಿ ಹೊರಗೆ ಹೋಗುವುದೇ ಸರಿಯಾದ ಕ್ರಮ. ಒಂದು ಊದುಬತ್ತಿ ಹಚ್ಚಿ, ಲ್ಯಾಂಪ್ ಆರಿಸಿ ಫ್ಯಾನ್ ಮಾತ್ರ ಓಡಿಸಿ ನೋಡಿ. ಹೊಗೆ ಎಲ್ಲಿ ಒಳಗೆ ಹೋಗುತ್ತದೆ, ಎಲ್ಲಿ ಹೊರಗೆ ಬರುತ್ತದೆ ಕಾಣುತ್ತದೆ. ರೆಕ್ಕೆಗೆ ಅಂಟಿದ ಧೂಳನ್ನು ಬ್ರಷ್‌ನಲ್ಲಿ ತೆಗೆಯಿರಿ.

ಹಾಗಂತ ಜೋರು ಗಾಳಿಯನ್ನು ನೇರ ಲ್ಯಾಂಪಿನ ಬುರುಡೆಗೆ ಬಿಡಬಾರದು. ಹ್ಯಾಲೊಜೆನ್ ಬುರುಡೆ ಕನಿಷ್ಠ 250 ಡಿಗ್ರಿ ಸೆಲ್ಸಿಯಸ್ ಬಿಸಿ ಇದ್ದರೇ ಒಳಗಿನ ಟಂಗ್‌ಸ್ಟನ್ ಆವಿ ಗಾಜಿಗೆ ಅಂಟದೆ ತಂತಿಗೆ ಮರಳುತ್ತದೆ. ತಣ್ಣಗಾದರೆ ಬುರುಡೆ ಕಪ್ಪಾಗುತ್ತದೆ. ತಂಪು ಬೇಕಾದದ್ದು ಕೆಳಗಿನ ಪಿನ್ನುಗಳ ಬುಡಕ್ಕೆ.

ನಮ್ಮಲ್ಲಿ ಕರೆಂಟ್ ಹೋಗುವ ಚಿಂತೆಯೂ ಇದೆ. ಕರೆಂಟ್ ಹೋದರೆ ಲ್ಯಾಂಪಿನ ಜೊತೆ ಫ್ಯಾನೂ ನಿಲ್ಲುತ್ತದೆ, ಒಳಗಿನ ಬಿಸಿಯೆಲ್ಲ ಸ್ಲೈಡಿನ ಕಡೆ ಬರುತ್ತದೆ. ಆಗ ಮೊದಲು ಸ್ಲೈಡ್ ಎಳೆದುಬಿಡಿ. ನಾನು 12 ವೋಲ್ಟ್‌ನ ಕಂಪ್ಯೂಟರ್ ಫ್ಯಾನ್ ಒಂದನ್ನು ಬೇರೆ ಬ್ಯಾಟರಿಗೆ ಜೋಡಿಸಿ ಗಾಳಿ ಒಳಬರುವ ಬಾಯಿಗೆ ಇಟ್ಟಿದ್ದೇನೆ.

ಗಾಜು ಸಿಗದಿದ್ದರೆ ನೀರು

ಚಪ್ಪಟೆ ಗಾಜಿನ ತೊಟ್ಟಿಯಲ್ಲಿ ನೀರು ತುಂಬಿ ಬೆಳಕಿನ ದಾರಿಯಲ್ಲಿ ಇಡುವುದು ಗಾಜಿನ ಮೇಲಿನ ಚಿತ್ರ ತೋರಿಸುತ್ತಿದ್ದ ಹಳೆಯ ಮ್ಯಾಜಿಕ್ ಲ್ಯಾಂಟರ್ನ್ ಕಾಲದ ಉಪಾಯ. ಸ್ವಂತವಾಗಿ ಪ್ರೊಜೆಕ್ಟರ್ ಕಟ್ಟುವವರಿಗೆ ಇದು ಈಗಲೂ ಒಳ್ಳೆಯದೇ. ನೀರು 1,400 ನ್ಯಾನೊಮೀಟರ್ ಆಚೆಗಿನದನ್ನು ಚೆನ್ನಾಗಿ ಹೀರುತ್ತದೆ. 900ರ ಸುತ್ತಲಿನದನ್ನು ಹೆಚ್ಚು ತಡೆಯುವುದಿಲ್ಲ. ಆ ಭಾಗವನ್ನು ಹೀರುವುದು ಮೈಲುತುತ್ತ. ಹೌದು, ಮಲೆನಾಡಿನಲ್ಲಿ ಅಡಿಕೆಗೆ ಕೊಳೆರೋಗ ಬರದ ಹಾಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಹಾಕುವ ಅದೇ ಮೈಲುತುತ್ತ. ನೀರಿಗೆ ಸ್ವಲ್ಪವೇ ಬೆರೆಸಿ, ಜಾಸ್ತಿಯಾದರೆ ಚಿತ್ರ ನೀಲಿಯಾಗುತ್ತದೆ. ಅದು ವಿಷ, ಮಕ್ಕಳ ಕೈಗೆ ಸಿಗದಂತೆ ಇಡಿ. ನೀರನ್ನು ಮೊದಲು ಕುದಿಸಿ ಆರಿಸಿದರೆ ಗುಳ್ಳೆ ಏಳುವುದಿಲ್ಲ. ತೊಟ್ಟಿಯ ಬಾಯಿ ಪೂರ್ತಿ ಮುಚ್ಚಬೇಡಿ, ವೈರುಗಳಿಂದ ದೂರ ಇಡಿ.

ಸ್ಲೈಡ್ ಹಾಕುವ ಮುಂಚೆ

ಬೇಡದ ಒಂದು ಸ್ಲೈಡಿನ ಚೌಕಟ್ಟಿಗೆ ಕಪ್ಪು ರಟ್ಟು ಸಿಕ್ಕಿಸಿ, ಮಲ್ಟಿಮೀಟರ್‌ನ ಥರ್ಮೋಕಪಲ್ (ಬಿಸಿ ಅಳೆಯುವ ವೈರು) ತುದಿಯನ್ನು ಅದಕ್ಕೆ ಅಂಟಿಸಿ ಪ್ರೊಜೆಕ್ಟರ್‌ಗೆ ಹಾಕಿ. ಪಕ್ಕದಲ್ಲೇ ಕೂತು ನೋಡಿ. ಸಂಖ್ಯೆ ಏರಿ ಒಂದು ಕಡೆ ನಿಲ್ಲಬೇಕು. ಏರುತ್ತಲೇ ಹೋದರೆ, ರಟ್ಟು ವಾಸನೆ ಬಂದರೆ, ಕೂಡಲೇ ಆರಿಸಿ ಮತ್ತೆ ಬಿಚ್ಚಿ. ಗನ್ ಥರ್ಮಾಮೀಟರ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ಗಾಜಿನ ಮೈಯ ಬಿಸಿ ತೋರಿಸುತ್ತದೆಯೇ ಹೊರತು ಗಾಜಿನಾಚೆ ನೋಡುವುದಿಲ್ಲ.

ಕಪ್ಪು-ಬಿಳುಪು ಸ್ಲೈಡ್ ಇದ್ದರೆ ಇನ್ನೂ ಜೋಪಾನ. ಅದರಲ್ಲಿರುವ ಬೆಳ್ಳಿ ಇನ್‌ಫ್ರಾರೆಡ್ಡನ್ನೂ ಹೀರಿ ಬೇಗ ಕಾಯುತ್ತದೆ. ಕೊಡಾಕ್‌ನ ಹಳೆಯ ಬಣ್ಣದ ಸ್ಲೈಡ್ ಫಿಲ್ಮ್ ಕೊಡಾಕ್ರೋಮ್ ಡಬ್ಬಿಯಲ್ಲಿ ದಶಕಗಟ್ಟಲೆ ಬಣ್ಣ ಕೆಡದೆ ಇರುತ್ತದೆ, ಆದರೆ ಪ್ರೊಜೆಕ್ಟರ್ ಬೆಳಕಿಗೆ ಬೇಗ ಮಾಸುತ್ತದೆ. ಇದಕ್ಕೆ ಯಾವ ಗಾಜೂ ಮದ್ದಲ್ಲ. ಯಾವ ಸ್ಲೈಡನ್ನೂ ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲಿಸಬೇಡಿ, ಮಾತು ಎಷ್ಟೇ ಚೆನ್ನಾಗಿರಲಿ.

ಮುಗಿದ ಮೇಲೆ ಲ್ಯಾಂಪ್ ಮಾತ್ರ ಆರಿಸಿ, ಫ್ಯಾನ್ ಐದು ನಿಮಿಷ ಓಡಲಿ. ತಂತಿ ಕಾದಿರುವಾಗ ಯಂತ್ರ ಎತ್ತಿಡಬೇಡಿ.

ಹೊಸ ಗಾಜು ಹಾಕಿದ ಮೇಲೆ ನಾನು ಮೊದಲು ತೋರಿಸಿದ್ದು ಆ ಸುಟ್ಟ ಜೋಗದ ಸ್ಲೈಡನ್ನೇ. ಅಮ್ಮನ ಮುಖಕ್ಕೆ ಏನೂ ಆಗಿರಲಿಲ್ಲ. ಒಂದು ನಿಮಿಷಕ್ಕೆ ಹೊರತೆಗೆದು ಚೌಕಟ್ಟು ಮುಟ್ಟಿದೆ. ಅಂಗೈಯಲ್ಲಿ ಹಿಡಿದುಕೊಳ್ಳುವಷ್ಟೇ ಬೆಚ್ಚಗಿತ್ತು.