ಮಾಂಸವೊಂದೇ ಊಟವೋ, ಮುದ್ದೆ-ಸೊಪ್ಪಿನ ಜೊತೆ ಮಾಂಸವೋ: ನಾನು ತೂಗಿ ನೋಡಿದ ಲೆಕ್ಕ

ಮಾಂಸ ಮಾತ್ರ ತಿನ್ನುತ್ತೇನೆಂದು ಹೊರಟವರ ಲೆಕ್ಕ ನಮ್ಮ ಕಡೆ ತಪ್ಪುವುದು ಮಟನ್ ಅಂಗಡಿಯಲ್ಲೇ. ಅಮೆರಿಕದಿಂದ ಬಂದ ಕಾರ್ನಿವೋರ್ ಡಯಟ್ ಪಟ್ಟಿಗಳು ಹೆಚ್ಚಾಗಿ ದನದ ಪಕ್ಕೆಲುಬಿನ ಭಾಗದ ತುಂಡು, ಅಂದರೆ ರಿಬ್‌ಐ ಸ್ಟೇಕ್ ಇಟ್ಟುಕೊಂಡು ಬರೆದವು. ಆ ತುಂಡಿನಲ್ಲಿ 100 ಗ್ರಾಂಗೆ 20 ಗ್ರಾಂ ಆಸುಪಾಸು ಕೊಬ್ಬಿರುತ್ತದೆ. ನಮಗೆ ಸಿಗುವ ಮೇಕೆ ಮಾಂಸದಲ್ಲಿ, ಮೇಲಿನ ನೆಣ ತೆಗೆಸಿದರೆ, ಉಳಿಯುವುದು 2-3 ಗ್ರಾಂ. ಮೇಕೆ ಕೊಬ್ಬನ್ನು ಮಾಂಸದ ಎಳೆಯೊಳಗೆ ಇಟ್ಟುಕೊಳ್ಳುವುದು ಕಡಿಮೆ. ಹೊಟ್ಟೆಯೊಳಗೆ, ಮೂತ್ರಪಿಂಡದ ಸುತ್ತ ಕೂಡಿಡುತ್ತದೆ. ಅಂಗಡಿಯವರು ಅದನ್ನು ಬೇರೆಯೇ ತೆಗೆದಿಡುತ್ತಾರೆ, ನಾವು ಕೇಳುವುದೇ ಇಲ್ಲ.

ಇದರಿಂದ ಏನಾಗುತ್ತದೆ ನೋಡಿ. ಕೊಬ್ಬಿಲ್ಲದ ಮೇಕೆ ಮಾಂಸ 100 ಗ್ರಾಂಗೆ ಸುಮಾರು 110 ಕ್ಯಾಲೊರಿ. ದಿನದ 2000 ಕ್ಯಾಲೊರಿ ಅದರಿಂದಲೇ ಬರಬೇಕೆಂದರೆ ಮೂಳೆಯಿಲ್ಲದ ಹಸಿ ಮಾಂಸ 1.8 ಕೆಜಿ ಬೇಕು, ಅದರಲ್ಲಿ ಪ್ರೋಟೀನೇ 370 ಗ್ರಾಂ. ಅಷ್ಟು ಪ್ರೋಟೀನಿನ ಸಾರಜನಕವನ್ನು ಯೂರಿಯಾ ಮಾಡಿ ಹೊರಹಾಕುವ ಶಕ್ತಿ ಯಕೃತ್ತಿಗಿಲ್ಲ. ದಿನದ ಶಕ್ತಿಯಲ್ಲಿ ಪ್ರೋಟೀನಿನ ಪಾಲು ಮೂರನೇ ಒಂದು ಭಾಗ ದಾಟುತ್ತಾ ಹೋದಂತೆ ವಾಕರಿಕೆ, ಭೇದಿ, ಎಷ್ಟು ತಿಂದರೂ ಹೋಗದ ಹಸಿವು ಶುರುವಾಗುತ್ತದೆ. ಕೋಳಿ ಎದೆ ಮಾಂಸವನ್ನೇ ನಂಬಿ ಕೂತವರಿಗೂ ಇದೇ ಗತಿ.

ಇದು ಹೊಸ ಸಂಗತಿಯಲ್ಲ. 1928ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯರ ನಿಗಾದಲ್ಲಿ ಉತ್ತರ ಧ್ರುವ ಪ್ರದೇಶದ ಅನ್ವೇಷಕ ವಿಲ್‌ಯಾಲ್ಮರ್ ಸ್ಟೆಫಾನ್ಸನ್ ಮತ್ತು ಅವರ ಜೊತೆಗಾರ ಕಾರ್ಸ್ಟನ್ ಆಂಡರ್ಸನ್ ವರ್ಷಕಾಲ ಮಾಂಸವನ್ನೇ ತಿಂದರು. ಮೊದಲಿಗೆ ಕೊಬ್ಬಿಲ್ಲದ ಮಾಂಸ ಕೊಟ್ಟಾಗ ಸ್ಟೆಫಾನ್ಸನ್‌ಗೆ ಕೆಲವೇ ದಿನಗಳಲ್ಲಿ ಹೊಟ್ಟೆ ಕೆಟ್ಟಿತು. ಕೊಬ್ಬು ಸೇರಿಸಿದ ಮೇಲೆ ಸರಿಹೋಯಿತು. ಆಮೇಲೆ ಅವರ ಊಟದ ಶಕ್ತಿಯಲ್ಲಿ ಮುಕ್ಕಾಲು ಪಾಲು ಕೊಬ್ಬಿನದೇ. ತಟ್ಟೆಯಲ್ಲಿ ಬರೀ ಸ್ನಾಯು ಮಾಂಸವಿರಲಿಲ್ಲ, ಲಿವರ್, ಕಿಡ್ನಿ, ಮಿದುಳು, ಮಜ್ಜೆ ಎಲ್ಲ ಇದ್ದವು. ಈ ಪ್ರಯೋಗವನ್ನು ಎತ್ತಿ ಹೇಳುವವರು ಈ ಎರಡು ವಿವರಗಳನ್ನು ಬಿಟ್ಟುಬಿಡುವುದು ನನಗೆ ಬೇಸರದ ವಿಷಯ.

ಹಾಗಾಗಿ ಮಾಂಸವೊಂದೇ ಇರುವ ಹಂತಕ್ಕೆ ನಾನು ಹಾಕಿಕೊಂಡ ದಿನದ ಅಳತೆ ಇದು: ಮೂಳೆಯಿಲ್ಲದ ಕುರಿ ಮಾಂಸ 600 ಗ್ರಾಂ, ಮೊಟ್ಟೆ 4, ಕರಗಿಸಿದ ನೆಣ ಅಥವಾ ತುಪ್ಪ 75-80 ಗ್ರಾಂ. ಇದರಲ್ಲಿ ಪ್ರೋಟೀನ್ ಸುಮಾರು 145 ಗ್ರಾಂ, ಕೊಬ್ಬು 155-160 ಗ್ರಾಂ, ಒಟ್ಟು 2000 ಕ್ಯಾಲೊರಿ. ಮೇಕೆಗಿಂತ ಕುರಿ ವಾಸಿ. ಅದರಲ್ಲೂ ಬನ್ನೂರು ಕುರಿಯ ಎದೆ ಭಾಗ ಮತ್ತು ಚಾಪ್ಸ್‌ನಲ್ಲಿ ನೆಣ ಚೆನ್ನಾಗಿರುತ್ತದೆ. ಮೂಳೆ ಸಮೇತ ಕೊಂಡರೆ 600 ಗ್ರಾಂ ಮಾಂಸಕ್ಕೆ 850 ಗ್ರಾಂ ತೂಗಿಸಬೇಕು. ಕೆಜಿಗೆ 800 ರೂಪಾಯಿ ಎಂದರೂ ಮೊಟ್ಟೆ, ತುಪ್ಪ ಸೇರಿ ದಿನಕ್ಕೆ 750 ರೂಪಾಯಿ, ತಿಂಗಳಿಗೆ 22 ಸಾವಿರ ದಾಟುತ್ತದೆ.

ತೂಕದ ವಿಷಯದಲ್ಲಿ ಎಷ್ಟೋ ಜನ ಎಡವುವ ಜಾಗ ಇನ್ನೊಂದಿದೆ. ಬೆಂದ ಮಾಂಸ ನೀರು ಬಿಟ್ಟು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ತೂಕ ಕಳೆದುಕೊಳ್ಳುತ್ತದೆ. 100 ಗ್ರಾಂ ಹಸಿ ಮಾಂಸದ 20 ಗ್ರಾಂ ಪ್ರೋಟೀನ್ ಬೆಂದ ಮೇಲೆ 70 ಗ್ರಾಂ ತುಂಡಿನಲ್ಲಿರುತ್ತದೆ. ಹಸಿ ಮಾಂಸದ ಪಟ್ಟಿ ಹಿಡಿದು ಬೆಂದದ್ದನ್ನು ತೂಗಿದರೆ ಲೆಕ್ಕವೆಲ್ಲ ಅಡಿಮೇಲು. ನಾನು ಯಾವಾಗಲೂ ಹಸಿಯಾಗಿದ್ದಾಗಲೇ ತೂಗುತ್ತೇನೆ.

ನೆಣ ಕರಗಿಸುವುದಕ್ಕೂ ಒಂದು ಕ್ರಮವಿದೆ. ಅರ್ಧ ಇಂಚಿನ ಚೂರು ಮಾಡಿ, ದಪ್ಪ ತಳದ ಪಾತ್ರೆಯಲ್ಲಿ ಅರ್ಧ ಲೋಟ ನೀರಿನೊಂದಿಗೆ ಸಣ್ಣ ಉರಿಯಲ್ಲಿಡಬೇಕು. ಕೊಬ್ಬು ಬಿಡುವವರೆಗೆ ತಳ ಹಿಡಿಯದಂತೆ ಆ ನೀರು ಕಾಯುತ್ತದೆ. ನೀರೆಲ್ಲ ಆರಿ, ಚಟಪಟ ಸದ್ದು ನಿಂತು, ಚೂರುಗಳು ಹೊಂಬಣ್ಣಕ್ಕೆ ತಿರುಗಿದಾಗ ಸೋಸಿಕೊಳ್ಳಬೇಕು. ಹೊಗೆ ಬಂದರೆ ಉರಿ ಜಾಸ್ತಿಯಾಯಿತೆಂದೇ ಅರ್ಥ, ಆ ಕಮಟು ಮತ್ತೆ ಹೋಗುವುದಿಲ್ಲ. ಕುರಿಯ ನೆಣ ಮೈಶಾಖಕ್ಕಿಂತ ಹೆಚ್ಚಿನ ಬಿಸಿಯಲ್ಲಿ ಕರಗುವ ಕೊಬ್ಬು. ತಟ್ಟೆ ಆರಿದರೆ ಬೆಳ್ಳಗೆ ಹೆಪ್ಪುಗಟ್ಟಿ, ಬಾಯಿಗಿಟ್ಟಾಗ ಮೇಣದ ಹಾಗೆ ಅಂಗುಳಿಗೆ ಮೆತ್ತಿಕೊಳ್ಳುತ್ತದೆ. ತಟ್ಟೆಯನ್ನೂ ಬಿಸಿ ಮಾಡಿಟ್ಟುಕೊಂಡು ಬಿಸಿಬಿಸಿಯಾಗಿಯೇ ತಿನ್ನಬೇಕು. ಕರಗಿದ ಕೊಬ್ಬನ್ನು ಒಂದೇ ಹೊತ್ತಿಗೆ ನಾಲ್ಕೈದು ಚಮಚ ಸುರಿದುಕೊಂಡರೆ ಭೇದಿ ಖಂಡಿತ. ಎರಡು-ಮೂರು ಹೊತ್ತಿಗೆ ಹಂಚಿಕೊಳ್ಳಬೇಕು.

ಮೊದಲ ವಾರದ ತಲೆನೋವು, ಮೀನಖಂಡದ ಸೆಳೆತ, ಎದ್ದು ನಿಂತರೆ ಕಣ್ಣು ಕತ್ತಲೆ, ಇವಕ್ಕೆಲ್ಲ ಮುಖ್ಯ ಕಾರಣ ಉಪ್ಪಿನ ಕೊರತೆ. ಹಿಟ್ಟಿನ ಪದಾರ್ಥ ನಿಂತಾಗ ಇನ್ಸುಲಿನ್ ಇಳಿಯುತ್ತದೆ, ಮೂತ್ರಪಿಂಡ ಸೋಡಿಯಂ ಹೊರಬಿಡುತ್ತದೆ, ಅದರ ಹಿಂದೆಯೇ ನೀರೂ ಹೋಗುತ್ತದೆ. ಬಿಪಿ ಇಲ್ಲದವರು ಕಾಲು ಸೂಪಿಗೆ ಉಪ್ಪನ್ನು ಸ್ವಲ್ಪ ಮುಂದಾಗಿ ಹಾಕಿ ಕುಡಿದರೆ ಇದು ತಗ್ಗುತ್ತದೆ. ಆದರೆ ಆ ಸೂಪಿನಲ್ಲಿ ಕ್ಯಾಲ್ಸಿಯಂ ಸಿಗುತ್ತದೆಂಬ ನಂಬಿಕೆ ಬೇಡ. ಎಷ್ಟು ಹೊತ್ತು ಕುದಿಸಿದರೂ ಮೂಳೆ ನೀರಿಗೆ ಬಿಡುವ ಕ್ಯಾಲ್ಸಿಯಂ ಅತ್ಯಲ್ಪ. ಮಾಂಸದಲ್ಲೂ 100 ಗ್ರಾಂಗೆ 10-15 ಮಿಲಿಗ್ರಾಂ ಅಷ್ಟೇ. ಮುಳ್ಳು ಸಮೇತ ಅಗಿಯಬಹುದಾದ ಸಣ್ಣ ಮೀನು, ಇಲ್ಲವೇ ಹಾಲು-ಮೊಸರು ಬೇಕೇ ಬೇಕು.

ಅದೇ ವಾರ ತೂಕದ ಯಂತ್ರ ಎರಡು-ಮೂರು ಕೆಜಿ ಇಳಿಕೆ ತೋರಿಸುವುದು ಸಾಮಾನ್ಯ. ಮೈಯಲ್ಲಿ ಅರ್ಧ ಕೆಜಿಯಷ್ಟು ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆ ಇರುತ್ತದೆ, ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಕಟ್ಟಿಕೊಂಡಿರುತ್ತದೆ. ಅದು ಖಾಲಿಯಾದದ್ದೇ ಈ ಇಳಿಕೆಯ ದೊಡ್ಡ ಪಾಲು, ಮುದ್ದೆ ತಿಂದ ಕೂಡಲೇ ವಾಪಸ್ಸು ಬರುತ್ತದೆ.

ಲಿವರ್ ಒಳ್ಳೆಯದೆಂದು ದಿನಾ ಹುರಿದು ತಿನ್ನುವವರಿದ್ದಾರೆ. 100 ಗ್ರಾಂ ಕುರಿ ಲಿವರಿನಲ್ಲಿ ವಿಟಮಿನ್ ಎ 7000 ಮೈಕ್ರೋಗ್ರಾಂ ಮೀರುತ್ತದೆ. ದೊಡ್ಡವರಿಗೆ ದಿನದ ಸುರಕ್ಷಿತ ಮಿತಿ 3000. ಈ ವಿಟಮಿನ್ ಮೈಯಲ್ಲೇ ಶೇಖರವಾಗುವಂಥದ್ದು. ನಾನು ವಾರಕ್ಕೆ 100 ಗ್ರಾಂ ದಾಟುವುದಿಲ್ಲ. ಬಸುರಿಯರು ಮುಟ್ಟದಿರುವುದೇ ಕ್ಷೇಮ. ಇನ್ನು ವಿಟಮಿನ್ ಸಿ: ಸ್ಕರ್ವಿ ಬಾರದಿರಲು ದಿನಕ್ಕೆ 10 ಮಿಲಿಗ್ರಾಂ ಸಾಕು, ಆದರೆ ಕುಕ್ಕರಿನಲ್ಲಿ ಆರು ಸೀಟಿ ಕೂಗಿಸಿದ ಮಟನ್‌ನಲ್ಲಿ ಅಷ್ಟೂ ಉಳಿಯುವುದಿಲ್ಲ. ಇನುಯಿಟ್ ಜನ ಬದುಕಿದ್ದು ಹಸಿಯಾಗಿ ತಿಂದ ತಿಮಿಂಗಿಲದ ಚರ್ಮ, ಸೀಲ್ ಪ್ರಾಣಿಯ ಲಿವರ್, ಬೇಸಿಗೆಯಲ್ಲಿ ಕಾಡಿನ ಹಣ್ಣುಗಳಿಂದ. ನಮ್ಮ ವಾತಾವರಣದಲ್ಲಿ, ನಮ್ಮ ಅಂಗಡಿಯ ಮಾಂಸವನ್ನು ಹಸಿ ತಿನ್ನುವ ಮಾತೇ ಬೇಡ.

ರಕ್ತ ಪರೀಕ್ಷೆ ಇಲ್ಲದೆ ಇದಕ್ಕೆ ಕೈ ಹಾಕಬಾರದು. ಲಿಪಿಡ್ ಪ್ರೊಫೈಲ್, ಕ್ರಿಯಾಟಿನಿನ್, ಯೂರಿಕ್ ಆ್ಯಸಿಡ್, ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ, ಇವನ್ನು ಮುಂಚೆ ಒಮ್ಮೆ, ಆರೆಂಟು ವಾರದ ಮೇಲೆ ಒಮ್ಮೆ ಮಾಡಿಸಬೇಕು. ಟ್ರೈಗ್ಲಿಸರೈಡ್ ಇಳಿದದ್ದನ್ನು ಮಾತ್ರ ನೋಡಿ ಹಿಗ್ಗುವವರು ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಕಾಲಮ್ಮನ್ನೂ ನೋಡಬೇಕು. ತೆಳ್ಳಗಿರುವವರಲ್ಲೇ ಅದು ವಿಪರೀತ ಏರುವುದುಂಟು. ಮೊದಲ ವಾರಗಳಲ್ಲಿ ಯೂರಿಕ್ ಆ್ಯಸಿಡ್ ಕೂಡ ಏರುತ್ತದೆ, ಏಕೆಂದರೆ ಕೊಬ್ಬು ಕರಗುವಾಗ ಹುಟ್ಟುವ ಕೀಟೋನ್‌ಗಳು ಅದು ಹೊರಹೋಗುವ ದಾರಿಗೇ ಪೈಪೋಟಿಗಿಳಿಯುತ್ತವೆ. ಗೌಟ್ (ಯೂರಿಕ್ ಆ್ಯಸಿಡ್‌ನಿಂದ ಬರುವ ಕೀಲುನೋವು) ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ಇದು ಸಲ್ಲದು. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಥಟ್ಟನೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಜಾತಿಯ ಸಕ್ಕರೆ ಕಾಯಿಲೆ ಮಾತ್ರೆಯಲ್ಲಿರುವವರಿಗಂತೂ ಸಕ್ಕರೆ ಸರಿಯಿದ್ದಾಗಲೂ ಕೀಟೋನ್ ಮಿತಿಮೀರಿ ರಕ್ತ ಹುಳಿಯಾಗಿ (ಕೀಟೋಅಸಿಡೋಸಿಸ್) ಜೀವಕ್ಕೇ ಕುತ್ತು ಬರಬಹುದು. ವೈದ್ಯರಿಗೆ ಹೇಳದೆ ಒಂದು ದಿನವೂ ಮಾಡಬಾರದು.

ಇಷ್ಟೆಲ್ಲ ತೂಗಿದ ಮೇಲೆ ನಾನು ನಿಂತಿರುವುದು ಮಿಶ್ರ ಊಟದ ಪಕ್ಷದಲ್ಲಿ. ಮಾಂಸವೊಂದೇ ತಿಂದು ವರ್ಷಗಟ್ಟಲೆ ಇದ್ದರೆ ಏನಾಗುತ್ತದೆಂದು ತೋರಿಸುವ ದೀರ್ಘಾವಧಿಯ ನಿಯಂತ್ರಿತ ಪ್ರಯೋಗಗಳಿಲ್ಲ. ಹಗುರಾಯಿತು ಎನ್ನುವವರಲ್ಲಿ ಹೆಚ್ಚಿನವರಿಗೆ ಹಗುರಾಗಿರುವುದು ಬೇಕರಿ ತಿಂಡಿ, ಸಕ್ಕರೆ, ಕರಿದದ್ದು, ತಟ್ಟೆ ತುಂಬ ಅನ್ನ ನಿಂತದ್ದರಿಂದ. ಅವನ್ನು ನಿಲ್ಲಿಸಲು ಸೊಪ್ಪನ್ನೂ ಬಿಡಬೇಕಾಗಿಲ್ಲ.

ನನ್ನ ತಟ್ಟೆಯ ಅಳತೆ: ದಿನಕ್ಕೆ ರಾಗಿ ಹಿಟ್ಟು 80 ಗ್ರಾಂ, ಮೂಳೆಯಿಲ್ಲದ ಹಸಿ ಮಾಂಸ ಅಥವಾ ಬೂತಾಯಿ, ಬಂಗುಡೆ 120 ಗ್ರಾಂ, ಹುರುಳಿ ಇಲ್ಲವೇ ಹೆಸರುಕಾಳು 40 ಗ್ರಾಂ, ಮೊಟ್ಟೆ 2, ಮೊಸರು 200 ಗ್ರಾಂ, ಸೊಪ್ಪು 150 ಗ್ರಾಂ, ಒಂದು ಸೀಬೆಹಣ್ಣು, ಮೇಲೆ ತರಕಾರಿ, ಕಡಲೆಬೀಜ, ಎಣ್ಣೆ, ಹಸಿವಿನಷ್ಟು ಅನ್ನ. ಪ್ರೋಟೀನ್ 60 ಗ್ರಾಂ ದಾಟುತ್ತದೆ, ನಾರು 25 ಗ್ರಾಂಗೆ ಕಡಿಮೆಯಿಲ್ಲ. ರಾಗಿಯೊಂದೇ 290 ಮಿಲಿಗ್ರಾಂ ಕ್ಯಾಲ್ಸಿಯಂ ಕೊಡುತ್ತದೆ, ಸೀಬೆ ವಿಟಮಿನ್ ಸಿ ಚಿಂತೆ ಕಳೆಯುತ್ತದೆ. ಸೊಪ್ಪು-ಕಾಳಿನ ಕಬ್ಬಿಣ ಸುಲಭವಾಗಿ ಮೈಗೆ ಹತ್ತುವುದಿಲ್ಲ, ನಿಜ. ಆದರೆ ಅದೇ ತುತ್ತಿನಲ್ಲಿ ಮಾಂಸವಿದ್ದರೆ, ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿದರೆ ಹೀರಿಕೆ ಏರುತ್ತದೆ. ಮಟನ್ ಸಾರಿಗೆ ಸಬ್ಬಸಿಗೆಯನ್ನೋ ಮೆಂತ್ಯವನ್ನೋ ಸೇರಿಸಿ ಮುದ್ದೆ ಮುರಿದು ತಿನ್ನುವ ಪದ್ಧತಿಯಲ್ಲಿ ಇದು ತಾನಾಗಿಯೇ ನಡೆದುಹೋಗುತ್ತದೆ. ಕಾಫಿ, ಟೀ ಮಾತ್ರ ಊಟಕ್ಕೆ ಒಂದು ಗಂಟೆ ದೂರವಿರಲಿ.

ಮಾಂಸವೊಂದೇ ಸಾಕೆನ್ನುವವರು ಮುಂದಿಡುವ, ಗಿಡದಲ್ಲಿ ವಿಷವಿದೆ ಎಂಬ ವಾದಕ್ಕೆ ಅಡುಗೆಮನೆಯಲ್ಲೇ ಉತ್ತರವಿದೆ. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನ್ ನಿಜಕ್ಕೂ ವಾಂತಿ ತರಿಸುತ್ತದೆ, ಆದರೆ ನೆನೆಸಿ, ನೀರು ಚೆಲ್ಲಿ, ಕನಿಷ್ಠ 10 ನಿಮಿಷ ಕೊತಕೊತ ಕುದಿಸಿದರೆ ನಾಶವಾಗುತ್ತದೆ. ಸಣ್ಣ ಉರಿಯಲ್ಲಿ ಕುದಿ ಬಾರದ ಹಾಗೆ ಬೇಯಿಸಿದರೆ ಆಗುವುದಿಲ್ಲ. ಹುರುಳಿಯನ್ನು ರಾತ್ರಿ ನೆನೆಸಿ ಮೊಳಕೆ ಕಟ್ಟಿದರೆ, ಕಬ್ಬಿಣ ಮೈಗೆ ಹತ್ತದಂತೆ ತಡೆಯುವ ಫೈಟೇಟ್ ತಗ್ಗುತ್ತದೆ. ಪಾಲಕ್‌ನಲ್ಲಿ ಕಿಡ್ನಿ ಕಲ್ಲಿಗೆ ದಾರಿಯಾಗುವ ಆಕ್ಸಲೇಟ್ ಜಾಸ್ತಿ. ಬೇಯಿಸಿ ನೀರು ಬಸಿದರೆ ಒಂದು ಪಾಲು ಹೋಗುತ್ತದೆ. ಕಿಡ್ನಿ ಕಲ್ಲು ಬಂದವರು ಬಸ್ಸಾರಿನ ಕಟ್ಟಿಗೆ ಪಾಲಕ್ ಬಳಸದಿರುವುದು ಒಳ್ಳೆಯದು.

ಮಾಂಸದಿಂದ ಮಿಶ್ರ ಊಟಕ್ಕೆ ಮರಳುವವರು ಮೊದಲ ದಿನವೇ ಹುರುಳಿ ಸಾರಿಗೆ ಕೂತರೆ ಹೊಟ್ಟೆ ಉಬ್ಬರಿಸಿ ನರಳುತ್ತಾರೆ, ತಪ್ಪನ್ನು ಕಾಳಿನ ಮೇಲೆ ಹಾಕುತ್ತಾರೆ. ನಾರಿಲ್ಲದೆ ಕಳೆದ ಕರುಳಿನ ಬ್ಯಾಕ್ಟೀರಿಯಾಗಳಿಗೆ ಅದು ಮತ್ತೆ ರೂಢಿಯಾಗಬೇಕು. ಸೋರೆಕಾಯಿ, ಬೂದುಗುಂಬಳದಿಂದ ಶುರು ಮಾಡಿ, ಆಮೇಲೆ ಸೊಪ್ಪು, ಆಮೇಲೆ ಅರ್ಧ ಮುದ್ದೆ, ಕೊನೆಗೆ ಕಾಳು. ಮೂರು ದಿನಕ್ಕೊಂದು ಹೊಸ ಪದಾರ್ಥದಂತೆ ಸೇರಿಸಿದರೆ ಹೊಟ್ಟೆಗೆ ಆಗದ್ದು ಯಾವುದೆಂದು ಅಲ್ಲೇ ಗೊತ್ತಾಗುತ್ತದೆ. ಹೆಚ್ಚಾಗಿ ಸಿಕ್ಕಿಬೀಳುವುದು ಈರುಳ್ಳಿ, ಬೆಳ್ಳುಳ್ಳಿ ಅಥವಾ ಗೋಧಿ. ಈ ದಿನಗಳಲ್ಲಿ ಊಟದ ನಂತರದ ಸಕ್ಕರೆ ಎಂದಿಗಿಂತ ಮೇಲೇರಬಹುದು, ದೇಹ ಹಿಟ್ಟಿನ ಪದಾರ್ಥ ನಿಭಾಯಿಸುವ ಅಭ್ಯಾಸ ತಪ್ಪಿರುತ್ತದೆ. ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ಮಾಡಿಸುವುದಿದ್ದರೆ ಅದಕ್ಕೆ ಮುಂಚೆ ಮೂರು ದಿನ, ದಿನಕ್ಕೆ 150 ಗ್ರಾಂಗೆ ಕಡಿಮೆಯಿಲ್ಲದಂತೆ ಕಾರ್ಬೋಹೈಡ್ರೇಟ್ ತಿಂದಿರಬೇಕು, ಇಲ್ಲದಿದ್ದರೆ ಇಲ್ಲದ ಸಕ್ಕರೆ ಕಾಯಿಲೆ ರಿಪೋರ್ಟಿನಲ್ಲಿ ಕಾಣಿಸಿಕೊಳ್ಳುತ್ತದೆ.