ನಿಂತ ನಿಮಿಷಗಳ ಲೆಕ್ಕ

24 ಗಂಟೆಯ ಬೈಕ್ ಸವಾರಿಯಲ್ಲಿ ಮೊದಲ ಸಲ ನಾನು ಸೋತದ್ದು ಬೆಂಗಳೂರನ್ನು ಬಳಸಿ ಹೋಗುವ ನೈಸ್ ಟೋಲ್ ರಸ್ತೆಯ ಬಾಗಿಲಲ್ಲಿ, ರಾತ್ರಿ 10 ಗಂಟೆ 20 ನಿಮಿಷಕ್ಕೆ. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಆ ರಸ್ತೆಗೆ ದ್ವಿಚಕ್ರ ವಾಹನಗಳನ್ನು ಬಿಡುವುದಿಲ್ಲ. 2022ರ ಆರಂಭದಿಂದ ಇರುವ ನಿಯಮ. ನನಗೂ ಗೊತ್ತಿತ್ತು, ಜೊತೆಗಿದ್ದ ಇಬ್ಬರು ಗೆಳೆಯರಿಗೂ ಗೊತ್ತಿತ್ತು. ಕಾವಲುಗಾರ ಕೈ ಅಡ್ಡ ಮಾಡಿ, "ಬೆಳಗ್ಗೆ ಐದಕ್ಕೆ ಬನ್ನಿ ಸರ್" ಎಂದ. ಅವನದೇನೂ ತಪ್ಪಿಲ್ಲ. ಹೊಸೂರು ರಸ್ತೆಯಿಂದ ಊರೊಳಗೆ ನುಗ್ಗಿ ತುಮಕೂರು ರಸ್ತೆ ಹಿಡಿಯುವಷ್ಟರಲ್ಲಿ ಮಧ್ಯರಾತ್ರಿ ಹತ್ತಿರವಾಗಿತ್ತು. ಹುಬ್ಬಳ್ಳಿ ಇನ್ನೂ ನಾನ್ನೂರು ಕಿ.ಮೀ. ದೂರ, ಕೈಯಲ್ಲಿ ಉಳಿದದ್ದು ನಾಲ್ಕು ಗಂಟೆ. ಅಲ್ಲಿಗೆ ಮುಗಿಯಿತು.

ನಾವು ಹೊರಟಿದ್ದು ಅಮೆರಿಕದ ಐರನ್ ಬಟ್ ಅಸೋಸಿಯೇಶನ್ ಪ್ರಮಾಣಪತ್ರ ಕೊಡುವ ಸವಾರಿಗೆ. ಅದರಲ್ಲಿ ಎಲ್ಲಕ್ಕಿಂತ ಚಿಕ್ಕದು ಸ್ಯಾಡಲ್‌ಸೋರ್: 24 ಗಂಟೆಯೊಳಗೆ ಸಾವಿರ ಮೈಲಿ, ನಮ್ಮ ಅಳತೆಯಲ್ಲಿ ಕನಿಷ್ಠ 1,610 ಕಿ.ಮೀ. ಸಂಸ್ಥೆಯ ಹೆಸರಿನ ಅರ್ಥವನ್ನು ಮನೆಯಲ್ಲಿ ಹೇಳಬೇಕಾಗಿ ಬಂದಾಗ "ಕಬ್ಬಿಣದ ಕುಂಡೆ ಸಂಘ" ಎಂದು ಹೇಳಿ ಸುಮ್ಮನಾದೆ. ಹೆಂಡತಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಇದಕ್ಕೆ ದುಡ್ಡು ಬೇರೆ ಕಟ್ಟಬೇಕೇ?" ಎಂದಳು. ಕಟ್ಟಬೇಕು.

ನಾನು ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಕಲಿಸುವವನು. ಸೋತ ಮರುದಿನ ಮೂವರ ಪೆಟ್ರೋಲ್ ಚೀಟಿಗಳನ್ನೂ ಮೇಜಿನ ಮೇಲೆ ಹರಡಿಕೊಂಡು ಕೂತೆ. 1,610ನ್ನು 24ರಿಂದ ಭಾಗಿಸಿದರೆ ಬರುವುದು ಗಂಟೆಗೆ 67 ಕಿ.ಮೀ. ಅಷ್ಟೇ. ನನ್ನ 411 ಸಿ.ಸಿ. ಹಿಮಾಲಯನ್ ಬೈಕಿಗೆ ಅದೇನೂ ಭಾರವಲ್ಲ. ಆ ದಿನ ಓಡುತ್ತಿದ್ದಾಗಿನ ನಮ್ಮ ವೇಗದಲ್ಲಿ ಕೊರತೆಯೇ ಇರಲಿಲ್ಲ. ಆದರೆ ನೈಸ್ ಗೇಟಿಗೆ ಬರುವ ಹೊತ್ತಿಗೆ ನಾವು ಒಟ್ಟು ನಾಲ್ಕು ಗಂಟೆ ಹತ್ತು ನಿಮಿಷ ನಿಂತಿದ್ದೆವು. ಒಬ್ಬನಿಗೆ ಚಹಾ ಬೇಕಾದಾಗ ಇನ್ನೊಬ್ಬನಿಗೆ ಬೇಡ. ಅವನಿಗೆ ಬೇಕಾಗುವುದು ಮುಂದಿನ ಊರಿನಲ್ಲಿ. ಒಬ್ಬ ಕೈಗವಸು ತೊಡುವಾಗ ಇನ್ನೊಬ್ಬ ಬಿಚ್ಚುತ್ತಾನೆ. ಕಾವೇರಿ ಸೇತುವೆಯ ಬಳಿ ಫೋಟೋಗೆಂದೇ ಹದಿನೆಂಟು ನಿಮಿಷ. ಗೆಳೆಯರ ಮೇಲೆ ಸಿಟ್ಟಿಲ್ಲ. ಆ ಫೋಟೋಗಳಲ್ಲಿ ಎಲ್ಲರಿಗಿಂತ ಅಗಲವಾಗಿ ನಗುತ್ತಿರುವವನು ನಾನೇ. ಆದರೆ ಮುಂದಿನ ಸಲ ಒಬ್ಬನೇ ಹೋಗುವುದೆಂದು ಅಲ್ಲೇ ತೀರ್ಮಾನಿಸಿದೆ.

ದಾರಿ ಬದಲಿಸಲಿಲ್ಲ. ಹುಬ್ಬಳ್ಳಿಯ ಗಬ್ಬೂರು ಕ್ರಾಸಿನಿಂದ ರಾಷ್ಟ್ರೀಯ ಹೆದ್ದಾರಿ 48 ಹಿಡಿದು ಬೆಂಗಳೂರು, ನೈಸ್ ರಸ್ತೆಯಲ್ಲಿ ಊರನ್ನು ಸುತ್ತುಹಾಕಿ ಹೊಸೂರು, ಅಲ್ಲಿಂದ ಹೆದ್ದಾರಿ 44ರಲ್ಲಿ ಕೃಷ್ಣಗಿರಿ, ಧರ್ಮಪುರಿ, ಸೇಲಂ, ನಾಮಕ್ಕಲ್, ಕರೂರು, ದಿಂಡಿಗಲ್. ಮದುರೈಗೆ ಸುಮಾರು 40 ಕಿ.ಮೀ. ಇರುವಾಗಲೇ ಕೊಡೈ ರೋಡ್ ಎಂಬಲ್ಲಿ ತಿರುಗಿ ಬಂದ ದಾರಿಯಲ್ಲೇ ವಾಪಸು. ಪುಣೆಗೆ ಹೋಗಿ ಬರುವವರು ಹೆಚ್ಚು, ಆದರೆ ಕಾಗಲ್‌ನಿಂದಾಚೆ ರಸ್ತೆ ಅಗಲ ಮಾಡುವ ಕೆಲಸದ ತಿರುವುಗಳು, ಕಬ್ಬು ಅರೆಯುವ ಕಾಲದಲ್ಲಿ ಹಿಂದೀಪವೇ ಇಲ್ಲದೆ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ನನಗೆ ಬೇಡವಾಗಿದ್ದವು. ರಾತ್ರಿಯಲ್ಲಿ ಅಂಥದ್ದೊಂದರ ಹಿಂದೆ ಹೋಗಿ ನಿಂತ ಅನುಭವ ಒಮ್ಮೆ ಆಗಿದೆ. ಒಂದೇ ಸಾಕು.

ಹೊರಡುವ ಸಮಯವನ್ನು ನೈಸ್ ಗೇಟೇ ನಿರ್ಧರಿಸಿತು. ಹೋಗುವಾಗ ಐದರ ನಂತರ, ಬರುವಾಗ ಹತ್ತರ ಮೊದಲು ಅಲ್ಲಿರಬೇಕು. ಹಿಂದಿನ ಸಲ ನಾಲ್ಕಕ್ಕೆ ಹೊರಟಿದ್ದೆವು. ಈ ಸಲ ಎರಡಕ್ಕೆ. ತಿಂಗಳು ಫೆಬ್ರುವರಿ: ತಮಿಳುನಾಡಿನ ಹಿಂಗಾರು ಮುಗಿದಿರುತ್ತದೆ, ಬಿಸಿಲಿನ್ನೂ ಬಲಿತಿರುವುದಿಲ್ಲ. ವಾರ ಬುಧವಾರ. ಶನಿವಾರ, ಭಾನುವಾರಗಳಲ್ಲಿ ಬೆಂಗಳೂರಿನ ಸುತ್ತ ನೂರು ಕಿ.ಮೀ. ರಸ್ತೆ ರಸ್ತೆಯಾಗಿರುವುದಿಲ್ಲ.

ಆಮೇಲೆ ಒಂದು ತಿಂಗಳು ನಾನು ಮಾಡಿದ್ದು ಸವಾರಿಯ ಅಭ್ಯಾಸವಲ್ಲ, ನಿಲ್ಲುವ ಅಭ್ಯಾಸ. ಮನೆಯ ಹತ್ತಿರದ ಬಂಕಿಗೆ ಹೋಗುವುದು, ಗಡಿಯಾರ ಒತ್ತುವುದು. ಮೊದಲ ದಿನ ಹದಿನಾರು ನಿಮಿಷ ಹಿಡಿಯಿತು. ಯಾಕೆಂದು ನೋಡಿದರೆ ಎಲ್ಲವೂ ಜೇಬಿನ ಗೊಂದಲ: ಕೀಲಿ ಒಂದರಲ್ಲಿ, ದುಡ್ಡು ಇನ್ನೊಂದರಲ್ಲಿ, ಮೊಬೈಲ್ ತೆಗೆಯಲು ಕೈಗವಸು ಬಿಚ್ಚಬೇಕು, ಬಿಚ್ಚಿದ ಕೈಗವಸು ಇಡಲು ಜಾಗವಿಲ್ಲ. ಕೊನೆಗೆ ಟ್ಯಾಂಕಿನ ಮೇಲೆ ಕೂರುವ ಒಂದು ಚೀಲದಲ್ಲಿ ಎಲ್ಲವನ್ನೂ ಇಟ್ಟೆ. ಹೆಲ್ಮೆಟ್ಟು, ತಲೆಯಿಂದ ತೆಗೆಯದೆಯೇ ಗದ್ದದ ಭಾಗ ಮೇಲೆತ್ತುವಂಥದ್ದು. ಪೆಟ್ರೋಲ್ ಹಾಕುತ್ತಿರುವಾಗಲೇ ಬಾಳೆಹಣ್ಣು ತಿನ್ನುವುದು. ನೀರಿಗೆ ಬೆನ್ನಿನ ಚೀಲ, ಅದರ ನಳಿಕೆ ಬಾಯ ಹತ್ತಿರ. ಓಡುತ್ತಲೇ ಗುಟುಕು ಗುಟುಕಾಗಿ ಕುಡಿಯಬಹುದು. ಹೀಗೆ ಮಾಡಿ ಎಂಟು ನಿಮಿಷಕ್ಕೆ ಇಳಿಸಿದೆ. ಬಂಕಿನ ಹುಡುಗನಿಗೆ ನನ್ನ ತಲೆ ಕೆಟ್ಟಿದೆಯೆಂಬ ಅನುಮಾನ ಬಂದಿತ್ತು. ನೂರು ರೂಪಾಯಿಯ ಪೆಟ್ರೋಲಿಗೆ ದಿನವೂ ಬಿಲ್ ಕೇಳುವವನು ಇನ್ನಾರು?

ಈ ಬಿಲ್ಲೇ ಸವಾರಿಯ ಪ್ರಾಣ. ಹೊರಟ ಜಾಗ, ತಿರುಗಿದ ಜಾಗ, ನಡುವೆ ಇಂಧನ ಹಾಕಿಸಿದ ಕಡೆ, ಮುಗಿಸಿದ ಜಾಗ, ಎಲ್ಲ ಕಡೆಯದೂ ಮುದ್ರಿತ ಚೀಟಿ ಬೇಕು. ಅದರಲ್ಲಿ ಊರು, ದಿನಾಂಕ, ಸಮಯ ಇರಬೇಕು. ಅದರ ಪಕ್ಕದಲ್ಲಿ ಓಡಿದ ದೂರ ತೋರಿಸುವ ಓಡೋಮೀಟರ್ ಅಂಕಿ ಬರೆದಿಡಬೇಕು. ಆ ಕಾಗದದ ಮೇಲಿನ ಅಕ್ಷರ ಬಿಸಿಲಿಗೆ, ಬೆವರಿಗೆ ಮಾಸಿಹೋಗುತ್ತದೆ, ಆದ್ದರಿಂದ ಅಲ್ಲೇ ಓಡೋಮೀಟರಿನ ಮುಂದೆ ಹಿಡಿದು ಫೋಟೋ ತೆಗೆಯಬೇಕು. ಇದರ ಜೊತೆಗೆ ನಾನು ಆರಂಭಕ್ಕೂ ಕೊನೆಗೂ ಸಾಕ್ಷಿಯ ಸಹಿ ಹಾಕಿಸಿದೆ. ನನ್ನ ಸಾಕ್ಷಿ ಪಕ್ಕದ ಮನೆಯ ನಿವೃತ್ತ ರೈಲ್ವೆ ಗಾರ್ಡ್. ಮೂವತ್ತು ವರ್ಷ ಗೂಡ್ಸ್ ಗಾಡಿಗಳ ಬಾಲದಲ್ಲಿ ಕೂತು ಸಮಯ ಬರೆದ ಕೈ. ಅಪರಾತ್ರಿ ಎರಡಕ್ಕೆ ಬನ್ನಿ ಎಂದರೆ ಒಂದೂವರೆಗೇ ಮಫ್ಲರ್ ಸುತ್ತಿಕೊಂಡು ನನ್ನ ಗೇಟಿನ ಮುಂದೆ ನಿಂತಿದ್ದರು.

ಮೊದಲ ಚೀಟಿಯಲ್ಲೇ ಎಡವಟ್ಟು. ಟ್ಯಾಂಕ್ ತುಂಬಿಸಿ ಬಿಲ್ ನೋಡಿದರೆ ಅದರಲ್ಲಿ ಹಿಂದಿನ ದಿನದ ಮಧ್ಯಾಹ್ನದ ಸಮಯವಿದೆ. ಯಂತ್ರದ ಗಡಿಯಾರವನ್ನು ಯಾರೂ ಸರಿಪಡಿಸಿರಲಿಲ್ಲ. ಅದನ್ನೇ ಒಪ್ಪಿಕೊಂಡು ಹೊರಟಿದ್ದರೆ ಲೆಕ್ಕದಲ್ಲಿ ನನ್ನ ಸವಾರಿ ಆಗಲೇ ಹನ್ನೆರಡು ಗಂಟೆ ಹಳೆಯದಾಗಿರುತ್ತಿತ್ತು. ಪುಣ್ಯಕ್ಕೆ ಪಕ್ಕದಲ್ಲೇ ಎಟಿಎಂ ಇತ್ತು. ಐನೂರು ರೂಪಾಯಿ ತೆಗೆದು ಚೀಟಿ ಪಡೆದೆ: 2 ಗಂಟೆ 4 ನಿಮಿಷ. ಗಾರ್ಡ್ ಸಾಹೇಬರು ತಮ್ಮ ಕೈಗಡಿಯಾರ ನೋಡಿ "ಸರಿಯಾಗಿದೆ" ಎಂದು ಸಹಿ ಹಾಕಿದರು. ಆಮೇಲೆ, ಅಭ್ಯಾಸಬಲವೋ ತಮಾಷೆಯೋ, ಕೈಯಲ್ಲಿದ್ದ ಟಾರ್ಚನ್ನು ಮೇಲೆ ಕೆಳಗೆ ಆಡಿಸಿದರು. ನಾನು ಹೊರಟೆ.

ಮೊದಲ ನಾಲ್ಕು ಗಂಟೆಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಕತ್ತಲೆ, ಚಳಿ, ಲಾರಿಗಳ ಕೆಂಪು ದೀಪ. ಮುಳ್ಳು ತೊಂಬತ್ತರ ಹತ್ತಿರ. ಜಿಪಿಎಸ್ ತೋರಿಸುವ ನಿಜವಾದ ವೇಗ ಅದಕ್ಕಿಂತ ಐದಾರು ಕಡಿಮೆ. ಕಿವಿಯಲ್ಲಿ ಮೆತ್ತನೆಯ ಬಿರಡೆ ಇಟ್ಟುಕೊಂಡಿದ್ದೆ. ದಿನವಿಡೀ ಗಾಳಿಯ ಸದ್ದನ್ನು ಕೇಳುವುದೇ ಅರ್ಧ ಆಯಾಸವೆಂದು ಮೊದಲ ಸಲ ಕಲಿತಿದ್ದೆ. ಹರಿಹರದ ಬಳಿ ತುಂಗಭದ್ರೆ ದಾಟಿದ್ದು ಕಾಣಲಿಲ್ಲ. ಕೆಳಗಿನಿಂದ ತಣ್ಣನೆಯ ಗಾಳಿ ಒಮ್ಮೆ ಮೊಣಕಾಲಿಗೆ ಬಡಿದು ಹೋಯಿತು. ತುಮಕೂರಿಗೆ 6.22. ಎಂಟು ನಿಮಿಷಕ್ಕೆ ಹೊರಬಿದ್ದೆ. ಡಾಬಸ್‌ಪೇಟೆಯಲ್ಲಿ ಮಂಜು, ನೈಸ್ ರಸ್ತೆಯಲ್ಲಿ ಬೆಳಕು, ಅತ್ತಿಬೆಲೆಯಲ್ಲಿ ಎಂದಿನ ಗದ್ದಲ.

ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಘಾಟ್. ಸೇಲಂ ಕಡೆಗೆ ಅದು ಉದ್ದಕ್ಕೂ ಇಳಿಜಾರು, ಭಾರ ಹೊತ್ತ ಲಾರಿಗಳ ಬ್ರೇಕ್ ಕಾದು ಸೋತು ಹೋಗುವುದರಿಂದ ಅಪಘಾತಕ್ಕೆ ಹೆಸರಾದ ಜಾಗ. ಅಲ್ಲಿ ನಾನು ಪಾಲಿಸಿದ ನಿಯಮ ಒಂದೇ: ಯಾವ ಲಾರಿಯ ಮುಂದೆಯೂ ಇಳಿಯಬಾರದು. ಕನ್ನಡಿಯಲ್ಲಿ ಲಾರಿ ಕಂಡರೆ ಬದಿಗೆ ಸರಿದು ಅದನ್ನು ಮುಂದೆ ಬಿಟ್ಟೆ. ಇದರಿಂದ ನಾಲ್ಕು ನಿಮಿಷ ಹೋಯಿತು. ಹೋಗಲಿ.

ನಾಮಕ್ಕಲ್‌ನಲ್ಲಿ ಪೆಟ್ರೋಲ್, ಮುಂದೆ ಕರೂರಿನ ಮೊದಲು ಕಾವೇರಿ. ಈ ಸಲ ನಿಲ್ಲಲಿಲ್ಲ. ಮಧ್ಯಾಹ್ನ 1.05ಕ್ಕೆ ಕೊಡೈ ರೋಡ್. ಬಂಕಿನ ಹುಡುಗನಿಗೆ ನನ್ನ ಹರಕು ತಮಿಳಿನಲ್ಲಿ ಬಿಲ್ ಕೇಳಿದರೆ ಅವನು ಯಂತ್ರ ತೆರೆದು ತೋರಿಸಿದ, ಕಾಗದವೇ ಮುಗಿದಿದೆ. ತಿರುಗುವ ಜಾಗದ ಚೀಟಿ ಇಲ್ಲದಿದ್ದರೆ ಅಲ್ಲಿಯವರೆಗೆ ಹೋಗಿದ್ದಕ್ಕೆ ಸಾಕ್ಷಿಯೇ ಇಲ್ಲ. ಅವನು ಒಳಗಿನಿಂದ ಹೊಸ ಸುರುಳಿ ಹುಡುಕಿ ತರುವಷ್ಟರಲ್ಲಿ ಮನೆಯಿಂದ ತಂದಿದ್ದ ಶೇಂಗಾ ಚಟ್ನಿ ಸುತ್ತಿದ ಎರಡು ಚಪಾತಿ ನಿಂತುಕೊಂಡೇ ತಿಂದೆ. ಅನ್ನ ಮುಟ್ಟಲಿಲ್ಲ, ಮಧ್ಯಾಹ್ನ ಅನ್ನ ತಿಂದರೆ ನನಗೆ ತರಗತಿಯಲ್ಲೇ ಕಣ್ಣೆಳೆಯುತ್ತದೆ. 1.20ಕ್ಕೆ ಗಾಡಿಯ ಮೂತಿ ಉತ್ತರಕ್ಕೆ.

ಸ್ಯಾಡಲ್‌ಸೋರ್, ಅಂದರೆ ಸೀಟಿನ ಹುಣ್ಣು, ಎಂಬ ಹೆಸರು ಯಾಕೆ ಬಂತೆಂದು ತಿಳಿಯುವುದು ವಾಪಸು ದಾರಿಯಲ್ಲಿ. ಮೊದಲ ಸಲ ಜೀನ್ಸ್ ತೊಟ್ಟು ಹೋಗಿ, ಅದರ ದಪ್ಪ ಹೊಲಿಗೆ ತೊಡೆಯ ಹಿಂದೆ ಗೆರೆ ಕೊರೆದಿತ್ತು. ಈ ಸಲ ಸೈಕಲ್ ಸವಾರರ ಹೊಲಿಗೆಯಿಲ್ಲದ ಚಡ್ಡಿ ಒಳಗೆ, ಮೇಲೆ ಸಡಿಲವಾದ ಸವಾರಿ ಪ್ಯಾಂಟು. ಆದರೂ ಸೇಲಂ ಹೊತ್ತಿಗೆ ಒಂದೇ ಕಡೆ ಕೂರುವುದು ಕಷ್ಟವಾಯಿತು. ಪ್ರತಿ ಅರ್ಧ ಗಂಟೆಗೊಮ್ಮೆ ಕಾಲುಕೋಲಿನ ಮೇಲೆ ಎದ್ದು ನಿಂತು ಒಂದೆರಡು ಕಿ.ಮೀ. ಹೋಗುತ್ತಿದ್ದೆ. ಬಲ ಮಣಿಕಟ್ಟು ಮರಗಟ್ಟಿತ್ತು. ಇವೆಲ್ಲ ನೋವು ಅಷ್ಟೇ. ನೋವು ಮನುಷ್ಯನನ್ನು ಎಚ್ಚರವಾಗಿಡುತ್ತದೆ. ನನಗೆ ಹೆದರಿಕೆಯಿದ್ದದ್ದು ನೋವಿಲ್ಲದ ಹೊತ್ತಿನದ್ದು.

ಸಂಜೆ ಏಳಕ್ಕೆ ನೈಸ್ ಗೇಟು. ಮೂರು ಗಂಟೆ ಮೊದಲೇ ಬಂದಿದ್ದೆ. ಹಣ ಕೊಟ್ಟು ಒಳಗೆ ಹೋಗುವಾಗ ಅನಾವಶ್ಯಕವಾಗಿ ಒಮ್ಮೆ ಹಾರ್ನ್ ಹೊಡೆದೆ.

ಹಿರಿಯೂರಿನಲ್ಲಿ ಕೊನೆಯ ಪೆಟ್ರೋಲ್, 9.45. ಉಳಿದದ್ದು 245 ಕಿ.ಮೀ., ಸಮಯ ನಾಲ್ಕು ಗಂಟೆಗೂ ಹೆಚ್ಚು. ಇಲ್ಲಿಯೇ ನಾನು ಗೆದ್ದೆನೆಂದುಕೊಂಡೆ, ಇಲ್ಲಿಯೇ ಸಾಯುವುದರಲ್ಲಿದ್ದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಒಮ್ಮೆಲೇ ಹೊತ್ತುತ್ತವೆ, ಒಮ್ಮೆಲೇ ಆರುತ್ತವೆ. ಅದನ್ನು ನೋಡುತ್ತಾ ಬಂದೆ. ಸ್ವಲ್ಪ ಹೊತ್ತಿನ ಮೇಲೆ ಮುಂದೆ ಟೋಲ್ ಬರಬೇಕಲ್ಲ ಎಂದು ಯೋಚಿಸಿದೆ. ಅದನ್ನು ಆಗಲೇ ದಾಟಿದ್ದೆ. ವೇಗ ಇಳಿಸಿದ್ದು, ಎಡಗಡೆಯ ಕಿರುದಾರಿಗೆ ಹೊರಳಿದ್ದು, ಮತ್ತೆ ಗೇರ್ ಏರಿಸಿದ್ದು, ಯಾವುದೂ ನೆನಪಿರಲಿಲ್ಲ. ನಿದ್ದೆ ಬಂದಿದೆ ಎನ್ನಿಸಿರಲೇ ಇಲ್ಲ. ತುಂಬ ಹಾಯಾಗಿ, ಬೆಚ್ಚಗೆ ಇತ್ತು. ಮೈಯೆಲ್ಲ ನಡುಗಿತು.

ಮುಂದಿನ ಬಂಕಿನಲ್ಲಿ ನಿಂತೆ. ಪಕ್ಕದ ಗೂಡಂಗಡಿಯಲ್ಲಿ ಕಾಫಿ ಕುಡಿದು, ಮೊಬೈಲಿನಲ್ಲಿ ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟು, ಗಾಡಿಯ ಪಕ್ಕ ಸಿಮೆಂಟಿನ ನೆಲದ ಮೇಲೆ ಹೆಲ್ಮೆಟ್ ಸಹಿತ ಮಲಗಿದೆ. ಕಾಫಿ ರಕ್ತಕ್ಕೆ ಇಳಿಯಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಅಷ್ಟರಲ್ಲಿ ನಿದ್ದೆ ತನ್ನ ಕೆಲಸ ಮುಗಿಸಿರುತ್ತದೆ. ಇಪ್ಪತ್ತಕ್ಕಿಂತ ಹೆಚ್ಚು ಮಲಗಿದರೆ ಗಾಢ ನಿದ್ದೆಗೆ ಜಾರಿ ಎದ್ದ ಮೇಲೂ ಮಂಕು ಬಿಡುವುದಿಲ್ಲ. ಎಚ್ಚರವಾದಾಗ ಲಾರಿಯ ಕ್ಲೀನರ್ ಒಬ್ಬ ಮೇಲೆ ಬಗ್ಗಿ ನೋಡುತ್ತಿದ್ದ. "ಬಿದ್ದಿದ್ದೀರಾ ಅಣ್ಣಾ?" "ಇಲ್ಲ, ಮಲಗಿದ್ದೆ." ಅವನು ನಂಬಿದಂತೆ ಕಾಣಲಿಲ್ಲ, ನಾನು ಗಾಡಿ ಏರಿ ಹೊರಡುವವರೆಗೂ ಅಲ್ಲೇ ನಿಂತಿದ್ದ. ಅಷ್ಟೆಲ್ಲ ನಿಮಿಷ ಉಳಿಸಿದ್ದು ಈ ಇಪ್ಪತ್ತೈದು ನಿಮಿಷಕ್ಕೆ ಎಂದು ಹೊಳೆದದ್ದು ದಾವಣಗೆರೆ ದಾಟಿದ ಮೇಲೆ. ಮಲಗುವಷ್ಟು ಸಮಯ ಕೈಯಲ್ಲಿಲ್ಲದೆ ಹೋಗಿದ್ದರೆ ನಾನು ಓಡಿಸುತ್ತಲೇ ಇರುತ್ತಿದ್ದೆ.

ತುಂಗಭದ್ರೆ ಮತ್ತೆ ಕತ್ತಲಲ್ಲೇ. ಪರವೂರಿನ ಕಾವೇರಿಯನ್ನು ಎರಡು ಸಲವೂ ಹಗಲಲ್ಲಿ ನೋಡಿದೆ, ನಮ್ಮ ಕಡೆಯ ಹೊಳೆಯನ್ನು ಎರಡು ಸಲವೂ ನೋಡದೆ ದಾಟಿದೆ.

ಗಬ್ಬೂರು ಕ್ರಾಸಿನ ಹತ್ತಿರ ಅದೇ ಎಟಿಎಂ, 1 ಗಂಟೆ 38 ನಿಮಿಷ. ಒಟ್ಟು 23 ಗಂಟೆ 34 ನಿಮಿಷ. ಜಿಪಿಎಸ್ ಲೆಕ್ಕದಲ್ಲಿ 1,632 ಕಿ.ಮೀ. ಓಡೋಮೀಟರ್ ಇನ್ನೂ ಹೆಚ್ಚು ತೋರಿಸುತ್ತಿತ್ತು, ಆದರೆ ಗಾಡಿಯ ಮಾತನ್ನು ಅಷ್ಟಾಗಿ ನಂಬಬಾರದು. ನಿಂತದ್ದು ಒಟ್ಟು 84 ನಿಮಿಷ. ಗಾರ್ಡ್ ಸಾಹೇಬರು ಸಹಿ ಹಾಕಿ, ಗಾಡಿಯ ಹಿಂದೆ ಹೋಗಿ ಬಾಲದೀಪ ಉರಿಯುತ್ತಿದೆಯೇ ನೋಡಿ, ಮನೆಗೆ ನಡೆದರು.

ಮರುದಿನ ಮಧ್ಯಾಹ್ನ ಎದ್ದು, ದಿಂಬಿನ ಮೇಲೆ ದಿಂಬಿಟ್ಟು ಅಂಗಳದಲ್ಲಿ ಕೂತಿದ್ದಾಗ ಅವರ ಹೆಂಡತಿ ಬಂದರು. "ಮದುರೈಗೆ ಹೋಗಿದ್ದೆಯಂತೆ ತಮ್ಮಾ. ಮೀನಾಕ್ಷಿಯ ಕುಂಕುಮ ತಂದೆಯಾ?"

ಊರು ನಲವತ್ತು ಕಿ.ಮೀ. ಇರುವಾಗಲೇ ತಿರುಗಿದೆನೆಂದೆ. ಚೀಟಿಗಳನ್ನು ತೋರಿಸಿದೆ. ಅವರು ಒಂದೊಂದನ್ನೂ ಹಿಂದೆ ಮುಂದೆ ತಿರುಗಿಸಿ ನೋಡಿ, "ಅಷ್ಟು ದೂರ ಹೋಗಿ ಇಷ್ಟೇ ತಂದದ್ದೇ?" ಎಂದರು.

"ಗೂಡ್ಸ್ ಗಾಡಿಯ ಗಾರ್ಡ್ ಯಾವ ಊರು ನೋಡಿದ್ದಾನೆ, ಸುಮ್ಮನಿರೇ" ಎಂದು ಕಾಂಪೌಂಡಿನಾಚೆಯಿಂದ ಸಾಹೇಬರ ದನಿ ಬಂತು.